ಕಿತ್ತಳೆ ಕೊಂದ ವೈರಸ್ ಕಣ್ಣಿಗೆ ಬಿದ್ದದ್ದು ಹೇಗೆ?

ನಾನು ಓದಿದ್ದು ಬಿಕಾಂ, ಲೆಕ್ಕ ತಾಳೆಯಾಗದಿದ್ರೆ ನಿದ್ದೆ ಬರಲ್ಲ. ಇವತ್ತಿನ ಕಥೆಯ ಲೆಕ್ಕ ತಾಳೆಯಾಗೋಕೆ 18 ವರ್ಷ ಹಿಡಿಯಿತು.

1937ರ ಹೊತ್ತಿಗೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕಿತ್ತಳೆ ಮರಗಳು ಒಣಗತೊಡಗಿದವು. ಮುಂದೆ ಲಕ್ಷಾಂತರ ಮರ ಸತ್ತವು. ರೋಗದ ಹೆಸರು ಟ್ರಿಸ್ಟೆಜಾ, ಅಂದ್ರೆ ದುಃಖ. ಬೇರು ಕೊಳೆತಿತ್ತು, ಹಾಗಾಗಿ ಮೊದಲ ಅನುಮಾನ ಬೇರಿನ ಮೇಲೇ.

ಕ್ಯಾಲಿಫೋರ್ನಿಯಾದಲ್ಲಿ ಇದೇ ರೋಗದ ಮರಗಳ ತೊಗಟೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಹುಳಿ ಕಿತ್ತಳೆಯ ಬೇರುಸಸಿಗೆ ಸಿಹಿ ಕಿತ್ತಳೆ ಕಸಿ ಮಾಡಿದ ಜಾಗದ ಕೆಳಗೆ, ಬೇರಿಗೆ ಆಹಾರ ಒಯ್ಯುವ ಜೀವಕೋಶಗಳು ಸತ್ತಿದ್ದವು. ಬೇರು ಹಸಿವಿನಿಂದ ಸತ್ತಿತ್ತು! ಗಾಯ ಕಂಡಿತು, ಗಾಯ ಮಾಡಿದ್ದು ಕಾಣಲಿಲ್ಲ.

1946ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಮೆನೆಗಿನಿ, ಗಿಡಹೇನು ರೋಗ ಹರಡುತ್ತೆ ಅಂತ ತೋರಿಸಿದ್ರು. ವೈರಸ್ ಕಂಡದ್ದು 1964ರಲ್ಲಿ. ಕಿತಾಜಿಮಾ ಮತ್ತು ಸಂಗಡಿಗರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದಾರದಂಥ ಎಳೆಗಳು ಸಿಕ್ಕವು. ದಪ್ಪ ಸುಮಾರು 12 ನ್ಯಾನೊಮೀಟರ್. ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಕಾಣೋ ಮಾತೇ ಇಲ್ಲ.

ಅಲ್ಲೀವರೆಗೆ ಬೆಳೆಗಾರರು ಕೈಕಟ್ಟಿ ಕೂತಿರಲಿಲ್ಲ. ರೋಗ ತಾಳಿಕೊಳ್ಳುವ ರಂಗಪುರ ನಿಂಬೆಯ ಬೇರುಸಸಿಗೆ ಬದಲಾಗಿದ್ರು. ಕೊಡಗಿನ ಕಿತ್ತಳೆಗೂ ಆ ಬೇರುಸಸಿ ಬಳಸ್ತಾರೆ. ವೈರಸ್‌ನ ಚಿತ್ರ ಆಮೇಲೆ ಬಂತು, ತೋಟ ಮೊದಲೇ ಉಳೀತು. ಮುಂದಿನ ವಾರ ಸಿಗೋಣ.