ಎಲುಬುಗಳ ಎಣಿಕೆ



ನಮ್ಮ ಶರೀರದಲ್ಲಿ ಎಲುಬುಗಳು ಎಷ್ಟು? ಪ್ರಶ್ನೆಯು ಬಾಲಪಾಠದಂತೆ ತೋರುವುದು. ಪ್ರಾಪ್ತವಯಸ್ಕನ ದೇಹದಲ್ಲಿ 206 ಎಂದು ಶಾಲೆಯ ಹುಡುಗನೂ ಹೇಳಬಲ್ಲನು. ಆದರೆ ಚರಕಸಂಹಿತೆಯನ್ನು ತೆರೆದರೆ ಅಲ್ಲಿ 360 ಎಂದಿದೆ. ಸುಶ್ರುತಸಂಹಿತೆಯಲ್ಲಿ 300 ಎಂದಿದೆ. ಎಲುಬು ಮನಸ್ಸಿನಂತೆ ಅಗೋಚರವಾದುದಲ್ಲ. ಮಾಂಸವೆಲ್ಲ ಕರಗಿಹೋದ ಮೇಲೂ ಉಳಿದು, ಕೈಯಲ್ಲಿ ಹಿಡಿದು ನೋಡಬಹುದಾದ ಗಟ್ಟಿ ವಸ್ತು. ಅದರ ಎಣಿಕೆಯಲ್ಲಿಯೇ ಇಷ್ಟು ಭೇದವುಂಟಾದುದೇಕೆ? ಇದನ್ನು ವಿಚಾರಿಸಹೊರಟರೆ, ಗ್ರಂಥದ ಮಾತಿಗೂ ಕಣ್ಣಿನ ಸಾಕ್ಷಿಗೂ ಶತಮಾನಗಳ ಕಾಲ ನಡೆದ ಒಂದು ವ್ಯಾಜ್ಯವೇ ನಮಗೆ ಎದುರಾಗುವುದು.

ಮೊದಲು ಇಂದಿನ ಲೆಕ್ಕವನ್ನು ನೋಡೋಣ. ತಲೆ, ಬೆನ್ನು, ಎದೆ ಇವುಗಳ ನಡುಗಂಬದಲ್ಲಿ 80 ಎಲುಬುಗಳು. ಕೈಕಾಲುಗಳಲ್ಲಿಯೂ ಅವನ್ನು ಮುಂಡಕ್ಕೆ ಸೇರಿಸುವ ಕಟ್ಟುಗಳಲ್ಲಿಯೂ 126. ತಲೆಬುರುಡೆಯು ಮಿದುಳನ್ನು ಕಾಯುವುದು. ಪಕ್ಕೆಲುಬುಗಳು ಹೃದಯವನ್ನೂ ಶ್ವಾಸಕೋಶಗಳನ್ನೂ ಕಾಯುವುವು. ತೊಡೆಯ ಎಲುಬು ಭಾರವನ್ನು ಹೊತ್ತು, ಸ್ನಾಯುಗಳು ಎಳೆದಂತೆ ಸನ್ನೆಗೋಲಾಗಿ ಆಡುವುದು. ಈ ಸಂಖ್ಯೆಯಾದರೂ ಹುಟ್ಟಿನಿಂದ ಬಂದುದಲ್ಲ. ಶಿಶುವಿನಲ್ಲಿ ಎಲುಬಿನ ತುಂಡುಗಳು ಇದಕ್ಕಿಂತ ಬಹಳ ಹೆಚ್ಚು. ಬೆಳೆಯುತ್ತ ಬೆಳೆಯುತ್ತ ಅವು ಒಂದರೊಡನೊಂದು ಬೆಸೆದುಕೊಳ್ಳುವುವು. ಸೊಂಟದ ಹಿಂದಣ ತ್ರಿಕಾಸ್ಥಿಯು ಹೀಗೆ ಐದು ಕಶೇರುಗಳು ಕೂಡಿ ಒಂದಾದುದು.

ಇನ್ನು ನಮ್ಮ ಪ್ರಾಚೀನರ ಲೆಕ್ಕ. ಚರಕನ 360ರಲ್ಲಿ 32 ಹಲ್ಲುಗಳು, ಆ ಹಲ್ಲುಗಳ 32 ಗೂಡುಗಳು, 20 ಉಗುರುಗಳು ಸೇರಿವೆ. ಸುಶ್ರುತನು ಉಗುರುಗಳನ್ನು ಬಿಟ್ಟು, ಕೈಕಾಲುಗಳಲ್ಲಿ 120, ಮುಂಡದಲ್ಲಿ 117, ಕತ್ತಿನಿಂದ ಮೇಲಕ್ಕೆ 63 ಎಂದು ಹಂಚಿದನು. ಎಳೆಯ ಮೃದ್ವಸ್ಥಿಯನ್ನೂ ಅವನು ‘ತರುಣ’ವೆಂಬ ಹೆಸರಿನಿಂದ ಎಲುಬುಗಳ ಒಂದು ಜಾತಿಯೆಂದೇ ಗಣಿಸಿದನು. ಆದುದರಿಂದ ಭೇದದ ಒಂದು ಪಾಲು ತಪ್ಪಲ್ಲ. ಯಾವುದನ್ನು ಎಲುಬೆನ್ನಬೇಕೆಂಬ ನಿರ್ಣಯದಿಂದ ಬಂದುದು. ಮತ್ತೊಂದು ಪಾಲು ಮಾತ್ರ ತಪ್ಪೇ. ಪ್ರತಿಯೊಂದು ಬೆರಳಿಗೂ ಮೂರು ಎಲುಬುಗಳೆಂದು ಅವನ ಲೆಕ್ಕ. ಹೆಬ್ಬೆರಳನ್ನು ಮಡಿಸಿ ನೋಡಿದರೆ ಎರಡೇ ಎಂಬುದು ತಿಳಿಯುವುದು.

ಹಾಗೆಂದು ಸುಶ್ರುತನು ಕಣ್ಣನ್ನು ಅಲ್ಲಗಳೆದವನಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಏಕಾಂತಸ್ಥಳದಲ್ಲಿ ಹರಿಯುವ ನೀರಿನಲ್ಲಿ ಇರಿಸಬೇಕು. ಏಳು ರಾತ್ರಿಗಳಾದ ಮೇಲೆ ಹೊರತೆಗೆದು, ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲ್ಗೊಂಡು ಒಳಗಣ ಒಂದೊಂದು ಭಾಗವನ್ನೂ ಕಣ್ಣಾರೆ ನೋಡಬೇಕು ಎಂದು ಅವನ ಸಂಹಿತೆಯು ವಿಧಿಸುವುದು. ಪ್ರತ್ಯಕ್ಷವೂ ಶಾಸ್ತ್ರವೂ ಕೂಡಿದರೆ ಮಾತ್ರ ಜ್ಞಾನವು ಬೆಳೆಯುವುದೆಂಬುದು ಅದರ ಅಭಿಪ್ರಾಯ. ಮುಂದೆ ಶವಸ್ಪರ್ಶವು ನಿಷಿದ್ಧವಾಗಿ, ಗ್ರಂಥವು ಉಳಿದು ಕುಂಚವು ಕೈಬಿಟ್ಟುಹೋಯಿತು.

ಪಶ್ಚಿಮದಲ್ಲಿ ನಡೆದುದೂ ಹೆಚ್ಚು ಬೇರೆಯಲ್ಲ. ಕ್ರಿ. ಶ. 129ರಲ್ಲಿ ಪೆರ್ಗಮಮ್ ನಗರದಲ್ಲಿ ಜನಿಸಿದ ಗೇಲೆನನು ಮಹಾ ವೈದ್ಯನು. ಅವನ ಕಾಲದ ರೋಮಿನಲ್ಲಿ ಮಾನವಶವವನ್ನು ಛೇದಿಸುವ ಪದ್ಧತಿಯಿರಲಿಲ್ಲ; ಅವನು ಕೋತಿ ಮೊದಲಾದ ಪ್ರಾಣಿಗಳನ್ನು ಕೊಯ್ದು ಕಲಿತನು. ಮನುಷ್ಯನ ಕೆಳದವಡೆಯು ಎರಡು ಎಲುಬುಗಳ ಕೂಡಿಕೆಯೆಂದು ಅವನು ಬರೆದನು. ನಾಯಿ ಮೊದಲಾದ ಪ್ರಾಣಿಗಳಲ್ಲಿ ಅದು ನಿಜ. ಬೆಳೆದ ಮನುಷ್ಯನಲ್ಲಿ ನಿಜವಲ್ಲ. ಆದರೂ ಸಾವಿರ ವರ್ಷಗಳಿಗೂ ಮೀರಿ ಅದೇ ಪಾಠವಾಗಿ ನಡೆಯಿತು.

ಅದನ್ನು ಅಲ್ಲವೆಂದವನು ಬಾಗ್ದಾದಿನ ಅಬ್ದುಲ್ ಲತೀಫ್. ಕ್ರಿ. ಶ. 1200ರಿಂದ ಮುಂದಣ ಎರಡು ವರ್ಷಗಳಲ್ಲಿ ಈಜಿಪ್ಟಿನಲ್ಲಿ ಘೋರಕ್ಷಾಮವು ತಲೆದೋರಿತು. ಕೈರೋ ನಗರದ ಬಳಿ ಸತ್ತವರ ಎಲುಬುಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದುವು. ಅವನು ಅಲ್ಲಿಗೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ತಲೆಗಳನ್ನು ಪರೀಕ್ಷಿಸಿದನು. ಒಂದರಲ್ಲಿಯಾದರೂ ಕೆಳದವಡೆಗೆ ಬೆಸುಗೆಯಿರಲಿಲ್ಲ. ಅದು ಒಂದೇ ಎಲುಬು. ಗೇಲೆನನು ಎಷ್ಟೇ ದೊಡ್ಡವನಾದರೂ ಇಂದ್ರಿಯಗಳ ಸಾಕ್ಷಿಯು ಅವನಿಗಿಂತ ದೊಡ್ಡದೆಂದು ಆತನು ನಿರ್ಧರಿಸಿದನು. ಆದರೆ ಆತನ ಮಾತು ವೈದ್ಯಲೋಕವನ್ನು ಮಾರ್ಪಡಿಸಲಿಲ್ಲ.

ಆ ಕೆಲಸವನ್ನು ಮಾಡಿದವನು ಬ್ರಸಲ್ಸಿನ ಆಂಡ್ರಿಯಾಸ್ ವೆಸಾಲಿಯಸ್. ಯೌವನದಲ್ಲಿ ಲೂವೇನ್ ಪಟ್ಟಣದ ಹೊರಗೆ ಗಲ್ಲುಗಂಬದ ಮೇಲಿದ್ದ ಒಬ್ಬ ಅಪರಾಧಿಯ ಎಲುಬುಗಳನ್ನು ಕದ್ದು ತಂದು ಜೋಡಿಸಿದ ಸಾಹಸಿ ಅವನು. 1543ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಶರೀರರಚನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಬಾಸೆಲ್ ನಗರದಲ್ಲಿ ಅಚ್ಚುಹಾಕಿಸಿದನು. ಅದರ ಮೊದಲ ಭಾಗವೇ ಎಲುಬುಗಳದು. ಮನೆಗೆ ಗೋಡೆತೊಲೆಗಳಿದ್ದಂತೆ ದೇಹಕ್ಕೆ ಎಲುಬೆಂಬುದು ಅವನ ಮತ. ಕೆಳದವಡೆ ಒಂದೇ ಎಂದು ಅವನೂ ಸಾರಿದನು. ಅವನ ಗುರುವಾಗಿದ್ದ ಪ್ಯಾರಿಸಿನ ಸಿಲ್ವಿಯಸನು ಕೋಪಗೊಂಡು, ತಪ್ಪು ಗೇಲೆನನದಲ್ಲ, ಅವನ ಕಾಲದಿಂದೀಚೆಗೆ ಮನುಷ್ಯದೇಹವೇ ಮಾರ್ಪಟ್ಟಿದೆಯೆಂದು ವಾದಿಸಿದನು! ಆದರೆ ಕಣ್ಣಿದ್ದವನಿಗೂ ಎಲ್ಲವೂ ಕಾಣದು. ಕಿವಿಯೊಳಗಣ ಮೂರು ಕಿರಿಯ ಎಲುಬುಗಳಲ್ಲಿ ವೆಸಾಲಿಯಸನು ತನ್ನ ಗ್ರಂಥದಲ್ಲಿ ಹೇಳಿದುದು ಎರಡನ್ನೇ. ಮೂರನೆಯದಾದ ರಿಕಾಪಿನಾಕಾರದ ಎಲುಬನ್ನು 1546ರ ಸುಮಾರಿಗೆ ಇಟಲಿಯ ಇನ್‌ಗ್ರಾಸಿಯನು ಕಂಡನು. ದೇಹದಲ್ಲಿ ಎಲ್ಲಕ್ಕಿಂತ ಚಿಕ್ಕ ಎಲುಬು ಅದೇ. ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುವೆಂಬುದನ್ನಂತೂ 1868ರಲ್ಲಿ ಜರ್ಮನಿಯ ನಾಯ್ಮನ್ ತೋರಿಸುವವರೆಗೆ ಯಾರೂ ತಿಳಿದಿರಲಿಲ್ಲ.

ನಮ್ಮ ದೇಶದಲ್ಲಿ ಶಾಸ್ತ್ರವೂ ಪ್ರತ್ಯಕ್ಷವೂ ಮತ್ತೆ ಕೂಡಿದುದು ಒಬ್ಬನೇ ಮನುಷ್ಯನ ಕೈಯಲ್ಲಿ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು 1835ರಲ್ಲಿ ಸುಶ್ರುತಸಂಹಿತೆಯನ್ನು ಅಚ್ಚಿಗೆ ತಂದರು. 1836ರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ, ಜಾತಿಭ್ರಷ್ಟರಾಗುವ ಭಯವನ್ನು ಬದಿಗಿಟ್ಟು, ಶವಚ್ಛೇದನಕ್ಕೆ ಕತ್ತಿಯನ್ನು ಹಿಡಿದರು. ಅದನ್ನು ಸಂಪ್ರದಾಯಭಂಗವೆಂದವರುಂಟು. ಮರೆತುಹೋಗಿದ್ದ ಕುಂಚವನ್ನು ಅವರು ಮರಳಿ ಎತ್ತಿಕೊಂಡರೆನ್ನುವುದೇ ಹೆಚ್ಚು ಸರಿ.

ಕೊನೆಯದಾಗಿ ಒಂದು ಮಾತು. ಈ ಜ್ಞಾನವನ್ನು ನಮಗೆ ಕೊಟ್ಟ ಎಲುಬುಗಳು ಯಾರವು? ಹಸಿದು ಸತ್ತವರವು, ಗಲ್ಲಿಗೇರಿದವರವು, ವಾರಸುದಾರರಿಲ್ಲದ ಬಡವರವು. ಬಹುಕಾಲ ಕಲ್ಕತ್ತೆಯಿಂದ ಅಸ್ಥಿಪಂಜರಗಳು ಪರದೇಶಗಳ ವೈದ್ಯವಿದ್ಯಾಲಯಗಳಿಗೆ ರಫ್ತಾಗುತ್ತಿದ್ದುವು. 1985ರಲ್ಲಿ ಭಾರತ ಸರ್ಕಾರವು ಅದನ್ನು ನಿಷೇಧಿಸಿತು. ಆ ಜನರ ಅನುಮತಿಯನ್ನು ಯಾರೂ ಕೇಳಲಿಲ್ಲ. ಅವರ ಹೆಸರುಗಳೂ ಬಹುಮಟ್ಟಿಗೆ ಉಳಿದಿಲ್ಲ. ಇಂದು ಸ್ವಂತ ಇಚ್ಛೆಯಿಂದ ದೇಹವನ್ನು ವಿದ್ಯೆಗೆ ಒಪ್ಪಿಸಿ ಹೋಗುವವರು ಆ ಹಳೆಯ ಅನ್ಯಾಯಕ್ಕೆ ತಕ್ಕ ಉತ್ತರವನ್ನು ಕೊಡುತ್ತಿರುವರು.

ಶ್ರೋತೃಗಳು ಈಗ ತಮ್ಮ ಗಲ್ಲದ ಮೇಲೆ ಬೆರಳಿಟ್ಟು, ಒಂದು ಕಿವಿಯಿಂದ ಮತ್ತೊಂದು ಕಿವಿಯವರೆಗೆ ಮೆಲ್ಲನೆ ಸವರಿ ನೋಡಬಹುದು. ಎಲ್ಲಿಯೂ ಬೆಸುಗೆಯಿಲ್ಲ. ಈ ಸಣ್ಣ ಸತ್ಯವನ್ನು ನಂಬಲು ಲೋಕಕ್ಕೆ ಸಾವಿರದ ಮುನ್ನೂರು ವರ್ಷಗಳು ಬೇಕಾದುವು.