ಹರಿಗೋಲು ಮತ್ತು ಗಳಿಗೆಬಟ್ಟಲು: ಪಾಲನೆಯ ಇತಿಹಾಸಕ್ಕೆ ಒಂದು ಪೀಠಿಕೆ

ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಬುಕ್ಕಾಂಬುಧಿಯ ಹೆಸರು ‘ಬುಕ್ಕ’, ‘ಅಂಬುಧಿ’ ಎಂಬೆರಡು ಪದಗಳ ಕೂಟ. ಪೂರ್ವಪದವು ವಿಜಯನಗರದ ಬುಕ್ಕರಾಯನನ್ನು ನೆನಪಿಗೆ ತರುತ್ತದೆ, ಉತ್ತರಪದಕ್ಕೆ ಕಡಲೆಂದರ್ಥ. ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆಯುವುದು ನಮ್ಮ ನಾಡಿನ ಹಳೆಯ ವಾಡಿಕೆ. ಕಡಲನ್ನೇ ಕಾಣದ ಒಳನಾಡಿನ ಜನರು ನೀರಿನೊಡನೆ ನಡೆಸಿದ ವ್ಯವಹಾರವನ್ನು ತಿಳಿಯಲು ಎರಡು ಸಣ್ಣ ಉಪಕರಣಗಳು ನೆರವಾಗುತ್ತವೆ. ಒಂದು, ನೀರನ್ನು ಒಳಗೆ ಬಿಡಬಾರದ ಹರಿಗೋಲು. ಇನ್ನೊಂದು, ನೀರನ್ನು ಅಳತೆಯಂತೆ ಒಳಗೆ ಬಿಡಲೇಬೇಕಾದ ಗಳಿಗೆಬಟ್ಟಲು. ಇವೆರಡರ ಯೋಗ್ಯತೆಯೂ ಅವುಗಳ ನಿರ್ಮಾಣಕ್ಕಿಂತ ಹೆಚ್ಚಾಗಿ ಪಾಲನೆಯನ್ನು ಅವಲಂಬಿಸಿತ್ತೆಂಬುದನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಪಾಲನೆಯ ಪ್ರಜ್ಞೆ ನಮ್ಮ ಪೂರ್ವಿಕರಲ್ಲಿ ಇತ್ತೆಂಬುದಕ್ಕೆ ಕೆರೆಗಳೇ ಸಾಕ್ಷಿ. ಬುಕ್ಕರಾಯನ ಮಗನೊಬ್ಬನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವು ಕ್ರಿ.ಶ. ೧೩೬೯ರದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಎಣಿಸುತ್ತದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಅಲ್ಲಿ ಹೇಳಿದ ದೋಷಗಳಲ್ಲೊಂದು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆಗಳು ಕೆರೆಯ ನಿರ್ಮಾಣ ಹಾಗೂ ದುರಸ್ತಿಗೆ ಸಂಬಂಧಿಸಿದ ದತ್ತಿಗಳು. ಆದರೆ ದಿನದಿನವೂ ತೂಬನ್ನು ನೋಡಿಕೊಂಡ ನೀರಗಂಟಿಯ ಹೆಸರು ಕಲ್ಲಿನ ಮೇಲೆ ಕಾಣುವುದು ಅಪರೂಪ.

ಹರಿಗೋಲಿನ ವಿಷಯದಲ್ಲಿ ಈ ಮೌನ ಇನ್ನೂ ಗಾಢವಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ: ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನೂ, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ಅವು ಸಾಗಿಸುತ್ತಿದ್ದುವು, ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತಿದ್ದುವು. ಪ್ರವಾಸಿಯ ಕಣ್ಣಿಗೆ ಬಿದ್ದುದು ಈ ಸುತ್ತಾಟ. ಹರಿಗೋಲು ನಡೆಸುವವನ ಚಿಂತೆ ಬೇರೆ. ನೀರಿನಲ್ಲಿಯೇ ಬಿಟ್ಟ ಚರ್ಮ ಕೊಳೆಯುತ್ತದೆ, ಬಿಸಿಲಿನಲ್ಲಿ ಮರೆತ ಚರ್ಮ ಬಿರಿಯುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ದಡಕ್ಕೆಳೆದು ಬೋರಲು ಹಾಕುವುದು, ಹದವಾಗಿ ಒಣಗಿಸುವುದು, ಹೊಲಿಗೆಯ ಸಂದುಗಳನ್ನು ಪರೀಕ್ಷಿಸುವುದು, ಮುರಿದ ಬಿದಿರಿನ ಸೀಳನ್ನು ಬದಲಿಸುವುದು ಇವು ತಪ್ಪದ ಕರ್ತವ್ಯಗಳು. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದ ಮೇಲೆಯೂ ಸಂದನ್ನು ನೋಡುವ ಕೆಲಸ ತಪ್ಪಲಿಲ್ಲ.

ಇನ್ನು ಗಳಿಗೆಬಟ್ಟಲು. ಘಟಿಕಾ ಶಬ್ದದ ತದ್ಭವವೇ ಗಳಿಗೆ. ಹಗಲಿರುಳು ಸೇರಿ ಅರವತ್ತು ಗಳಿಗೆ. ಒಂದು ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ತಳದಲ್ಲಿ ರಂಧ್ರವುಳ್ಳ ತಾಮ್ರದ ಪಾತ್ರೆಯನ್ನು ನಿರ್ಮಲ ಜಲದ ಕುಂಡದಲ್ಲಿ ತೇಲಬಿಟ್ಟರೆ ಅದು ಅಹೋರಾತ್ರದಲ್ಲಿ ಅರವತ್ತು ಬಾರಿ ಮುಳುಗಬೇಕೆಂದು ಸೂರ್ಯಸಿದ್ಧಾಂತವು ಹೇಳುತ್ತದೆ. ‘ನಿರ್ಮಲ’ ಎಂಬ ವಿಶೇಷಣ ಪಾದಪೂರಣಕ್ಕಾಗಿ ಬಂದುದಲ್ಲವೆಂದು ನಾವು ಭಾವಿಸುತ್ತೇವೆ. ಕೆಸರಿನ ಕಣವೊಂದು ರಂಧ್ರದಲ್ಲಿ ನಿಂತರೆ ಗಳಿಗೆ ದೀರ್ಘವಾಗುತ್ತದೆ; ಗಡಸುನೀರಿನ ಸುಣ್ಣದಂಶ ಕಟ್ಟಿದರೂ ಹಾಗೆಯೇ; ಉಜ್ಜಿ ಉಜ್ಜಿ ರಂಧ್ರ ಸವೆದರೆ ಗಳಿಗೆ ಕುಗ್ಗುತ್ತದೆ. ನೀರಿನ ಉಷ್ಣತೆಯೂ ಗಣನೀಯ. ೨೦ ಡಿಗ್ರಿ ಸೆಲ್ಸಿಯಸ್‌ನಿಂದ ೩೦ ಡಿಗ್ರಿಗೆ ಏರಿದಾಗ ನೀರಿನ ಸ್ನಿಗ್ಧತೆ ಸುಮಾರು ಐದರಲ್ಲೊಂದು ಪಾಲು ಕಡಮೆಯಾಗುವುದರಿಂದ, ಕಿರುರಂಧ್ರದ ಬಟ್ಟಲು ಬೇಸಗೆಯಲ್ಲಿ ತುಸು ಬೇಗ ತುಂಬುತ್ತದೆ.

ಈ ಕಷ್ಟವನ್ನು ಚೆನ್ನಾಗಿ ಗ್ರಹಿಸಿದವನು ಭಾಸ್ಕರಾಚಾರ್ಯ. ಇಷ್ಟು ಪಲ ತಾಮ್ರ, ಇಂಥ ಚಿನ್ನದ ಕಡ್ಡಿಯಿಂದ ಮಾಡಿದ ರಂಧ್ರ ಎಂಬ ಪೂರ್ವಾಚಾರ್ಯರ ವಿಧಿಗಳನ್ನು ಆತನು ಸಿದ್ಧಾಂತಶಿರೋಮಣಿಯಲ್ಲಿ (ಕ್ರಿ.ಶ. ೧೧೫೦) ಯುಕ್ತಿಶೂನ್ಯವೆಂದೂ ದುಸ್ಸಾಧ್ಯವೆಂದೂ ಬದಿಗಿರಿಸಿದನು. ಪಾತ್ರೆ ಹೇಗಾದರೂ ಇರಲಿ, ಅದು ಒಂದು ಅಹೋರಾತ್ರದಲ್ಲಿ ಎಷ್ಟು ಸಲ ಮುಳುಗುವುದೆಂದು ಎಣಿಸಿ, ಆ ಸಂಖ್ಯೆಯಿಂದ ಅರವತ್ತನ್ನು ಭಾಗಿಸಿದರೆ ಆ ಪಾತ್ರೆಯ ಪ್ರಮಾಣ ದೊರೆಯುತ್ತದೆ. ಎಪ್ಪತ್ತೈದು ಸಲ ಮುಳುಗುವ ಬಟ್ಟಲು ಐದರಲ್ಲಿ ನಾಲ್ಕು ಗಳಿಗೆಯನ್ನು ಅಳೆಯುತ್ತದೆ. ನಿಖರತೆ ಲೋಹದಲ್ಲಿಲ್ಲ, ಆಕಾಶದೊಡನೆ ತಾಳೆನೋಡುವುದರಲ್ಲಿದೆ ಎಂಬುದು ಇದರ ತಾತ್ಪರ್ಯ. ಪಾಲನೆಯೆಂದರೆ ಈ ತಾಳೆಯನ್ನು ಮತ್ತೆ ಮತ್ತೆ ನೋಡುವುದು.

ದೋಣಿಗೂ ಕಾಲಕ್ಕೂ ಇರುವ ನಂಟು ಕಡಲಿನಲ್ಲಿ ಇನ್ನೂ ನಿಕಟವಾದುದು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ, ನಾಲ್ಕೇ ಸೆಕೆಂಡಿನ ತಪ್ಪು ಸಮಭಾಜಕದ ಮೇಲೆ ಸುಮಾರು ೧.೮೫ ಕಿಲೋಮೀಟರು ದಾರಿ ತಪ್ಪಿಸುತ್ತದೆ. ೧೭೬೧ರಲ್ಲಿ ಜಮೈಕಾ ಯಾನದಲ್ಲಿ ಪರೀಕ್ಷೆಗೊಳಗಾದ ಜಾನ್ ಹ್ಯಾರಿಸನ್ನನ ಗಡಿಯಾರ ಈ ತೊಡಕನ್ನು ಬಿಡಿಸಿತು. ನಮ್ಮ ಸೀಮೆಗೆ ದೂರದ ಊರಿನ ಕಾಲವನ್ನು ತಂದುದು ಹಡಗಲ್ಲ, ರೈಲು. ೧೮೮೯ರಲ್ಲಿ ಬೀರೂರು, ಅಜ್ಜಂಪುರಗಳ ಮೂಲಕ ಹರಿಹರದವರೆಗೆ ರೈಲುಮಾರ್ಗ ತೆರೆಯಿತು. ೧೯೦೬ರ ಜನವರಿ ೧ರಿಂದ ೮೨.೫ ಡಿಗ್ರಿ ಪೂರ್ವ ರೇಖಾಂಶದ ಕಾಲ ಭಾರತದ ಪ್ರಮಾಣಕಾಲವಾಯಿತು. ಅಜ್ಜಂಪುರದ ಸೀಮೆ ಸುಮಾರು ೭೬ ಡಿಗ್ರಿಯಲ್ಲಿದೆ. ಎಂದರೆ ಬುಕ್ಕಾಂಬುಧಿಯ ಸೂರ್ಯ ಇಂದಿಗೂ ಗಡಿಯಾರಕ್ಕಿಂತ ಸರಾಸರಿ ಒಂದು ಗಳಿಗೆಗೂ ತುಸು ಹೆಚ್ಚು ಹಿಂದಿದ್ದಾನೆ.

ಇಂದಿನ ವಿದ್ಯುನ್ಮಾನ ಗಡಿಯಾರಗಳಲ್ಲಿಯೂ ತತ್ತ್ವ ಬದಲಾಗಿಲ್ಲ. ಕೈಗಡಿಯಾರದ ಸ್ಫಟಿಕ ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸಿದರೂ ತಿಂಗಳಿಗೆ ಹದಿನೈದು ಸೆಕೆಂಡಿನವರೆಗೆ ಹಾದಿ ತಪ್ಪುವುದುಂಟು. ಹವ್ಯಾಸಿಗಳು ಅದನ್ನು ಉಪಗ್ರಹದ ಸೆಕೆಂಡಿನ ಮಿಡಿತಕ್ಕೆ ತಾಳೆಹಾಕಿ ತಿದ್ದುವಾಗ ಮಾಡುವುದು ಭಾಸ್ಕರನ ಎಣಿಕೆಯನ್ನೇ. ಅಲ್ಲಿ ಒಂದು ಮೈಕ್ರೊಸೆಕೆಂಡಿನ ದೋಷ ಮುನ್ನೂರು ಮೀಟರಿಗೆ ಸಮ. ೨೦೧೩ರ ಜುಲೈ ೧ರಂದು ಹಾರಿಸಿದ ನಮ್ಮ ದೇಶದ ಮೊದಲ ಪಥದರ್ಶಕ ಉಪಗ್ರಹದ ಮೂರು ಆಮದು ಪರಮಾಣು ಗಡಿಯಾರಗಳೂ ಮುಂದೆ ಕೆಟ್ಟುಹೋದುವು. ದಡಕ್ಕೆಳೆದು ಬೋರಲು ಹಾಕಿ ನೋಡುವ ಅವಕಾಶ ಅವುಗಳಿಗೆ ಇರಲಿಲ್ಲ. ೨೦೨೩ರ ಮೇ ೨೯ರಂದು ಹಾರಿಸಿದ ಉಪಗ್ರಹದಲ್ಲಿ ಸ್ವದೇಶಿ ರುಬಿಡಿಯಂ ಗಡಿಯಾರವಿತ್ತು.

ಉಪಕರಣಗಳ ಇತಿಹಾಸವನ್ನು ನಿರ್ಮಾತೃಗಳ ಇತಿಹಾಸವೆಂದೇ ಬರೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕಾಪಾಡಿದವರ ಅರಿವು ಬರೆಹಕ್ಕೆ ಬರದೆ ಕೈಯಿಂದ ಕೈಗೆ ಸಾಗಿದುದರಿಂದ, ಆ ಕೈಗಳೊಡನೆಯೇ ಅದು ಮರೆಯಾಗುವ ಅಪಾಯವಿದೆ. ಕಾಲೇಜುಗಳ ಇತಿಹಾಸ ಸಂಘಗಳು ತಮ್ಮ ಸುತ್ತಿನ ಜೋಯಿಸರ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಗಳಿಗೆಬಟ್ಟಲುಗಳನ್ನು ಹುಡುಕಿ, ದೊರೆತವುಗಳ ತೂಕ, ರಂಧ್ರದ ಅಳತೆ, ಮುಳುಗುವ ಕಾಲ, ನೀರಿನ ಉಷ್ಣತೆಗಳನ್ನು ದಾಖಲಿಸಬಹುದು. ಹರಿಗೋಲು ಹೆಣೆಯುವವರಿಂದಲೂ ನೀರಗಂಟಿಗಳ ಮನೆತನದವರಿಂದಲೂ ದುರಸ್ತಿಯ ಕ್ರಮವನ್ನೂ ಅದರ ಪದಗಳನ್ನೂ ಕೇಳಿ ಬರೆದುಕೊಳ್ಳಬಹುದು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬಲ್ಲ ಹಿರಿಯರು ಇರುವಾಗಲೇ ಇದು ನಡೆಯಬೇಕಾಗಿದೆ.