ಓಪನ್‌ಸಿವಿಯನ್ನು ಸೋರ್ಸ್ ಕೋಡ್‌ನಿಂದ ಕಟ್ಟುವ ಬಗೆ

ಕ್ಯಾಮೆರಾ ಚಿತ್ರದಲ್ಲಿ ಮುಖ ಹುಡುಕುವುದು, ಸೊಟ್ಟಗೆ ಸ್ಕ್ಯಾನ್ ಆದ ಪುಟವನ್ನು ನೆಟ್ಟಗೆ ಮಾಡುವುದು, ರಸ್ತೆಯಲ್ಲಿ ಹೋಗುವ ವಾಹನ ಎಣಿಸುವುದು: ಇಂಥ ಕೆಲಸಗಳಿಗೆ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಓಪನ್‌ಸಿವಿ. ಪೈಥಾನ್ ಬಳಸುವವರು ಪಿಪ್‌ನ ಒಂದೇ ಆಜ್ಞೆಯಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳುತ್ತಾರೆ. ಬಹುಪಾಲು ಕೆಲಸ ಅಷ್ಟರಲ್ಲೇ ಸಾಗುತ್ತದೆ. ಆದರೆ ಪತ್ತೆಯಾದ ಹಣ್ಣಿನ ಪಕ್ಕದಲ್ಲಿ ‘ಮಾವು’ ಎಂದು ಕನ್ನಡದಲ್ಲಿ ಬರೆಯಲು ಹೋದರೆ ಚಿತ್ರದ ಮೇಲೆ ಮೂಡುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡ ಬರೆಯಬಲ್ಲ ಭಾಗ ಓಪನ್‌ಸಿವಿಯಲ್ಲಿ ಇಲ್ಲವೆಂದಲ್ಲ. ಅದನ್ನು ಕೇಳಿ ಸೇರಿಸಿಕೊಂಡು, ಸೋರ್ಸ್ ಕೋಡ್‌ನಿಂದ ನಾವೇ ಕಟ್ಟಿಕೊಳ್ಳಬೇಕು. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು 4ನೇ ಸರಣಿಯ ಓಪನ್‌ಸಿವಿ ಮತ್ತು ಉಬುಂಟು, ಡೆಬಿಯನ್ ಬಗೆಯ ಲಿನಕ್ಸ್ ಇಟ್ಟುಕೊಂಡು ಇಲ್ಲಿ ವಿವರಿಸಿದೆ.

ಹಿನ್ನೆಲೆ

ಓಪನ್‌ಸಿವಿ ಹುಟ್ಟಿದ್ದು 1999ರಲ್ಲಿ, ಇಂಟೆಲ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ. ಅದಕ್ಕೆ ನಾಂದಿ ಹಾಡಿದವರು ಗ್ಯಾರಿ ಬ್ರಾಡ್‌ಸ್ಕಿ. ರಷ್ಯಾದಲ್ಲಿದ್ದ ಇಂಟೆಲ್ ತಂಡದ ವಾದಿಮ್ ಪಿಸಾರೆವ್‌ಸ್ಕಿ ಮತ್ತು ಸಂಗಡಿಗರು ಅದರ ಕೋಡ್‌ನ ಬಹುಭಾಗ ಬರೆದರು. 1.0 ಆವೃತ್ತಿ ಬಂದದ್ದು 2006ರಲ್ಲಿ, 4.0 ಬಂದದ್ದು 2018ರಲ್ಲಿ. ಮೊದಲು ಬಿಎಸ್‌ಡಿ ಪರವಾನಗಿಯಲ್ಲಿದ್ದ ಕೋಡ್ 4.5.0ರಿಂದ ಅಪಾಚೆ 2 ಪರವಾನಗಿಗೆ ಬದಲಾಯಿತು. ಎರಡರಲ್ಲೂ ಯಾರು ಬೇಕಾದರೂ ಕೋಡ್ ಪಡೆದು, ತಿದ್ದಿ, ವ್ಯಾಪಾರಕ್ಕೂ ಬಳಸಬಹುದು.

ಸಿದ್ಧ ಪೊಟ್ಟಣ ಇರುವಾಗ ಕಟ್ಟುವುದು ಯಾಕೆ?

ಚಿತ್ರದ ಮೇಲೆ ಅಕ್ಷರ ಬರೆಯಲು ಓಪನ್‌ಸಿವಿಯಲ್ಲಿ ಪುಟ್‌ಟೆಕ್ಸ್ಟ್ ಎಂಬ ಫಂಕ್ಷನ್ ಇದೆ. ಅದು ಬಳಸುವುದು ಹರ್ಷಿ ಫಾಂಟ್‌ಗಳನ್ನು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಆಲನ್ ವಿನ್ಸೆಂಟ್ ಹರ್ಷಿ 1967ರಲ್ಲಿ ರೂಪಿಸಿದ ಗೆರೆ ಅಕ್ಷರಗಳು ಅವು. ಅಕ್ಷರವೊಂದನ್ನು ಕೆಲವು ನೇರ ಗೆರೆಗಳಾಗಿ ಒಡೆದು ಇಟ್ಟಿರುವುದರಿಂದ ಬಲು ವೇಗ, ಫಾಂಟ್ ಫೈಲ್ ಕೂಡ ಬೇಡ. ಆದರೆ ಓಪನ್‌ಸಿವಿ ಆಯ್ದುಕೊಂಡ ಹರ್ಷಿ ಅಕ್ಷರಗಳಲ್ಲಿ ಕನ್ನಡ ಇಲ್ಲ. ತನಗೆ ಗೊತ್ತಿಲ್ಲದ ಅಕ್ಷರ ಬಂದರೆ ಪುಟ್‌ಟೆಕ್ಸ್ಟ್ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ ಎಂದು ಓಪನ್‌ಸಿವಿಯ ಕೈಪಿಡಿಯೇ ಹೇಳುತ್ತದೆ.

ಕನ್ನಡಕ್ಕೆ ಗೆರೆಗಳಿದ್ದರೂ ಸಾಲದು. ‘ಸ್ತ್ರೀ’ ಎಂಬ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ಈ ಆರನ್ನೂ ಓದಿ, ಯಾವುದು ಒತ್ತಾಗಬೇಕು, ಗುಣಿತದ ಚಿಹ್ನೆ ಯಾವುದಕ್ಕೆ ಅಂಟಬೇಕು ಎಂದು ತೀರ್ಮಾನಿಸುವ ಕೆಲಸಕ್ಕೇ ಒಂದು ಪ್ರತ್ಯೇಕ ಲೈಬ್ರರಿ ಬೇಕು. ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚಾಗಿ ಈ ಕೆಲಸ ಮಾಡುವುದು ಹಾರ್ಫ್‌ಬಜ್. ಫಾಂಟ್ ಫೈಲ್ ತೆರೆದು ಅಕ್ಷರದ ಆಕಾರವನ್ನು ಚುಕ್ಕೆಗಳಾಗಿ ಮೂಡಿಸುವುದು ಫ್ರೀಟೈಪ್. ಇವೆರಡನ್ನೂ ಬಳಸಿಕೊಳ್ಳುವ ಮಾಡ್ಯೂಲ್ ಒಂದು ಓಪನ್‌ಸಿವಿಗೂ ಇದೆ. ಅದರ ಹೆಸರೂ ಫ್ರೀಟೈಪ್ ಎಂದೇ. ಆದರೆ ಅದು ಇರುವುದು ಮುಖ್ಯ ಭಂಡಾರದಲ್ಲಲ್ಲ, ಕಾಂಟ್ರಿಬ್ ಎಂಬ ಎರಡನೆಯ ಭಂಡಾರದಲ್ಲಿ. ಕಟ್ಟುವ ಗಣಕದಲ್ಲಿ ಆ ಎರಡೂ ಲೈಬ್ರರಿಗಳು ಸಿಕ್ಕರೆ ಮಾತ್ರ ಅದು ಸೇರಿಕೊಳ್ಳುತ್ತದೆ.

ಪೈಥಾನ್‌ನಲ್ಲಿ ಒಂದೊಂದೇ ಸ್ಥಿರಚಿತ್ರದ ಕೆಲಸವಾದರೆ ಪಿಲ್ಲೋ ಲೈಬ್ರರಿಯನ್ನು ಅದರ ರಾಕ್ಮ್ ಬೆಂಬಲದೊಂದಿಗೆ ಬಳಸಿಯೂ ಕನ್ನಡ ಬರೆಯಬಹುದು. ಅಲ್ಲಿಯೂ ಒಳಗೆ ದುಡಿಯುವುದು ಹಾರ್ಫ್‌ಬಜ್. ಪ್ರೋಗ್ರಾಂ ಸಿ++ನಲ್ಲಿದ್ದಾಗ, ಅಥವಾ ವಿಡಿಯೊದ ಪ್ರತಿ ಚೌಕಟ್ಟನ್ನೂ ಅಲ್ಲಿಂದಿಲ್ಲಿಗೆ ಬದಲಿಸುತ್ತ ಕೂರಲು ಸಮಯವಿಲ್ಲದಾಗ, ಕಟ್ಟಿಕೊಳ್ಳುವುದೇ ಸರಿಯಾದ ದಾರಿ.

ಬೇರೆ ಕಾರಣಗಳೂ ಇವೆ. ಪಿಪ್‌ನಲ್ಲಿ ಸಿಗುವ ಓಪನ್‌ಸಿವಿ ಪೊಟ್ಟಣಗಳು ಸಿಪಿಯುಗೆ ಮಾತ್ರ ತಯಾರಾದವು. ಎನ್‌ವಿಡಿಯಾ ಜಿಪಿಯುವಿನ ಕುಡಾ ಬಳಸಬೇಕಾದರೆ ಸೋರ್ಸ್‌ನಿಂದಲೇ ಕಟ್ಟಬೇಕು. ಪೇಟೆಂಟ್ ವಿಷಯ ಇನ್ನೊಂದು. ಚಿತ್ರದ ಗುರುತು ಬಿಂದುಗಳನ್ನು ಹುಡುಕಲು ಡೇವಿಡ್ ಲೋವ್ ರೂಪಿಸಿದ ಸಿಫ್ಟ್ ವಿಧಾನದ ಅಮೆರಿಕದ ಪೇಟೆಂಟ್ 2020ರ ಮಾರ್ಚ್‌ನಲ್ಲಿ ಮುಗಿಯಿತು, ಆ ವರ್ಷವೇ 4.4.0 ಆವೃತ್ತಿಯಲ್ಲಿ ಸಿಫ್ಟ್ ಮುಖ್ಯ ಭಂಡಾರಕ್ಕೆ ಬಂತು. ಸರ್ಫ್ ಎಂಬ ವಿಧಾನ ಮಾತ್ರ ಈಗಲೂ ಕಾಂಟ್ರಿಬ್‌ನಲ್ಲಿದ್ದು, ನಾನ್‌ಫ್ರೀ ಎಂಬ ಆಯ್ಕೆಯನ್ನು ತಾವಾಗಿ ಒಪ್ಪಿಕೊಂಡು ಕಟ್ಟಿದವರಿಗಷ್ಟೇ ಸಿಗುತ್ತದೆ.

ಮೊದಲು ಹೊಂದಿಸಿಕೊಳ್ಳಬೇಕಾದವು

ಸಿ++ ಕಂಪೈಲರ್, ಸಿಮೇಕ್, ಗಿಟ್, ಪಿಕೆಜಿ-ಕಾನ್ಫಿಗ್ ಬೇಕು. ಉಬುಂಟುವಿನಲ್ಲಿ ಬಿಲ್ಡ್-ಎಸೆನ್ಷಿಯಲ್ ಎಂಬ ಪೊಟ್ಟಣ ಹಾಕಿದರೆ ಕಂಪೈಲರ್ ಮತ್ತು ಮೇಕ್ ಒಟ್ಟಿಗೆ ಬರುತ್ತವೆ. ಓಪನ್‌ಸಿವಿ 4ಕ್ಕೆ ಸಿ++11 ತಿಳಿದ ಕಂಪೈಲರ್ ಸಾಕು, ಈಚಿನ ಯಾವುದೂ ನಡೆಯುತ್ತದೆ. ಪೈಥಾನ್‌ನಿಂದ ಬಳಸುವ ಉದ್ದೇಶವಿದ್ದರೆ ಪೈಥಾನ್‌ನ ಡೆವ್ ಪೊಟ್ಟಣ ಮತ್ತು ನಂಪೈ ಮೊದಲೇ ಇರಬೇಕು.

ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಈ ಡೆವ್ ಪೊಟ್ಟಣಗಳಲ್ಲಿ. ಹಾರ್ಫ್‌ಬಜ್ ನಿಮ್ಮ ಗಣಕದಲ್ಲಿ ಆಗಲೇ ಇರುತ್ತದೆ. ಪರದೆಯ ಮೇಲೆ ಕನ್ನಡ ಕಾಣುತ್ತಿರುವುದು ಅದರಿಂದಲೇ. ಆದರೆ ಅದು ಓಡಿಸಲು ಬೇಕಾದ ಭಾಗ ಮಾತ್ರ. ಇನ್ನೊಂದು ಪ್ರೋಗ್ರಾಂ ಅದರ ಜೊತೆ ಸೇರಿ ಕಂಪೈಲ್ ಆಗಬೇಕಾದರೆ ಹೆಡರ್ ಫೈಲುಗಳೂ ಬೇಕು. ಡೆಬಿಯನ್ ಬಳಗದಲ್ಲಿ ಇವು ಹೆಸರಿನ ಕೊನೆಗೆ ‘ಡೆವ್’ ಎಂದಿರುವ ಬೇರೆ ಪೊಟ್ಟಣಗಳಲ್ಲಿರುತ್ತವೆ, ಫೆಡೋರಾದಲ್ಲಿ ‘ಡೆವೆಲ್’ ಎಂದಿರುತ್ತದೆ. ನಮ್ಮ ಕೆಲಸಕ್ಕೆ ಫ್ರೀಟೈಪ್ ಮತ್ತು ಹಾರ್ಫ್‌ಬಜ್ ಎರಡರ ಡೆವ್ ಪೊಟ್ಟಣಗಳನ್ನೂ ಹಾಕಿಕೊಳ್ಳಬೇಕು.

ಕೋಡ್ ಇರುವುದು ಗಿಟ್‌ಹಬ್‌ನಲ್ಲಿ. ಮುಖ್ಯ ಭಂಡಾರ ಮತ್ತು ಕಾಂಟ್ರಿಬ್ ಎರಡನ್ನೂ ಪಕ್ಕಪಕ್ಕದಲ್ಲಿ ಇಳಿಸಿಕೊಂಡು, ಎರಡರಲ್ಲೂ ಒಂದೇ ಆವೃತ್ತಿಯ ಟ್ಯಾಗ್‌ಗೆ ಹೋಗಬೇಕು. ಒಂದು ಹಳೆಯದು, ಒಂದು ಹೊಸದು ಆದರೆ ಅರ್ಧ ದಾರಿಯಲ್ಲಿ ಅರ್ಥವಾಗದ ಕಂಪೈಲ್ ದೋಷಗಳು ಬರುತ್ತವೆ. ಕಾರಣ ಹುಡುಕುವುದು ಕಷ್ಟ.

ಸಿಮೇಕ್: ನಿರ್ಧಾರಗಳ ಹಂತ

ಕಟ್ಟುವ ಕೆಲಸದ ತಿರುಳು ಇರುವುದು ಇಲ್ಲಿ. ಕಿಟ್‌ವೇರ್ ಕಂಪನಿ ಸಿಮೇಕ್ ಅನ್ನು ರೂಪಿಸಿದ್ದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಿಂದ ನಡೆದ ವೈದ್ಯಕೀಯ ಚಿತ್ರಗಳ ಯೋಜನೆಯೊಂದಕ್ಕಾಗಿ, 2000ರ ಸುಮಾರಿಗೆ. ಅದು ತಾನೇ ಏನನ್ನೂ ಕಂಪೈಲ್ ಮಾಡುವುದಿಲ್ಲ. ನಿಮ್ಮ ಗಣಕದಲ್ಲಿ ಏನಿದೆ, ಏನಿಲ್ಲ ಎಂದು ತಡಕಿ, ಅದಕ್ಕೆ ತಕ್ಕಂತೆ ಕಟ್ಟುವ ಯೋಜನೆಯನ್ನು ಬರೆದುಕೊಡುತ್ತದೆ.

ಮೊದಲು ಬಿಲ್ಡ್ ಎಂಬ ಪ್ರತ್ಯೇಕ ಡೈರೆಕ್ಟರಿ ಮಾಡಿ, ಅದರೊಳಗಿಂದ ಸಿಮೇಕ್ ಓಡಿಸಬೇಕು. ಸೋರ್ಸ್ ಇರುವ ಜಾಗದಲ್ಲೇ ಓಡಿಸಿದರೆ ಓಪನ್‌ಸಿವಿ ಒಪ್ಪದೆ ನಿಂತುಬಿಡುತ್ತದೆ. ಕೊಡಬೇಕಾದ ಆಯ್ಕೆಗಳು ನೂರಾರು ಇದ್ದರೂ ಆರಂಭಕ್ಕೆ ಕೆಲವೇ ಸಾಕು. ಬಿಲ್ಡ್ ಟೈಪ್ ರಿಲೀಸ್ ಎಂದಿರಲಿ. ಇನ್‌ಸ್ಟಾಲ್ ಪ್ರಿಫಿಕ್ಸ್‌ನಲ್ಲಿ ಎಲ್ಲಿ ಹೋಗಿ ಕೂರಬೇಕೆಂದು ಹೇಳಿ. ಎಕ್ಸ್‌ಟ್ರಾ ಮಾಡ್ಯೂಲ್ಸ್ ಪಾತ್‌ಗೆ ಕಾಂಟ್ರಿಬ್ ಒಳಗಿನ ಮಾಡ್ಯೂಲ್ಸ್ ಡೈರೆಕ್ಟರಿಯ ವಿಳಾಸ ಕೊಡಿ. ಕಾಂಟ್ರಿಬ್‌ನ ವಿಳಾಸವನ್ನಷ್ಟೇ ಕೊಟ್ಟು ನಿಲ್ಲಿಸುವುದು ಸಾಮಾನ್ಯ ತಪ್ಪು. ಟೆಸ್ಟ್‌ಗಳು ಮತ್ತು ಪರ್ಫ್ ಟೆಸ್ಟ್‌ಗಳನ್ನು ಆಫ್ ಮಾಡಿದರೆ ಸಮಯ ಬಹಳ ಉಳಿಯುತ್ತದೆ. ಬೇಕಾದ ಮಾಡ್ಯೂಲುಗಳಷ್ಟನ್ನೇ ಹೆಸರಿಸಿ ಕಟ್ಟಲು ಬಿಲ್ಡ್ ಲಿಸ್ಟ್ ಎಂಬ ಆಯ್ಕೆಯೂ ಇದೆ. ಸಣ್ಣ ಗಣಕಗಳಿಗೆ ಅದು ವರದಾನ.

ಸಿಮೇಕ್ ಓಡುವಾಗ ಕೆಲವು ಫೈಲುಗಳು ಇಂಟರ್‌ನೆಟ್‌ನಿಂದ ಇಳಿಯುತ್ತವೆ. ಇಂಟೆಲ್ ಬಗೆಯ ಪ್ರೊಸೆಸರ್ ಇದ್ದರೆ ಐಪಿಪಿ ಎಂಬ ಇಂಟೆಲ್‌ನ ವೇಗವರ್ಧಕ ಲೈಬ್ರರಿ ಅವುಗಳಲ್ಲೊಂದು. ಅದು ಬೈನರಿ ರೂಪದಲ್ಲಷ್ಟೇ ಬರುತ್ತದೆ, ಸೋರ್ಸ್ ಸಿಗುವುದಿಲ್ಲ. ಪೂರ್ತಿ ಮುಕ್ತ ಕೋಡ್ ಮಾತ್ರ ಬೇಕೆನ್ನುವವರು ಅದನ್ನು ಆಫ್ ಮಾಡಿಯೇ ಕಟ್ಟಬೇಕು. ಇದು ಗೊತ್ತಿರಬೇಕಾದ ಸಂಗತಿ. ಕಾಲೇಜು, ಕಚೇರಿಗಳಲ್ಲಿ ಪ್ರಾಕ್ಸಿಯ ಹಿಂದೆ ಕೂತವರಿಗೆ ಈ ಇಳಿಕೆ ನಡುವೆಯೇ ನಿಲ್ಲಬಹುದು. ಬಿಲ್ಡ್ ಡೈರೆಕ್ಟರಿಯಲ್ಲಿರುವ ಡೌನ್‌ಲೋಡ್ ಲಾಗ್ ನೋಡಿದರೆ ಯಾವ ಫೈಲ್ ತಪ್ಪಿತೆಂದು ತಿಳಿಯುತ್ತದೆ.

ಕೊನೆಗೆ ಸಿಮೇಕ್ ಒಂದು ಉದ್ದನೆಯ ವರದಿ ಮುದ್ರಿಸುತ್ತದೆ. ಬಹಳ ಮಂದಿ ಅದನ್ನು ಓದದೆ ಮುಂದೆ ಹೋಗುತ್ತಾರೆ. ದಯವಿಟ್ಟು ಓದಿ. ಐಚ್ಛಿಕ ಲೈಬ್ರರಿ ಸಿಗದಿದ್ದರೆ ಸಿಮೇಕ್ ದೋಷವೆಂದು ನಿಲ್ಲುವುದಿಲ್ಲ. ಆ ಭಾಗವನ್ನು ಕೈಬಿಟ್ಟು ಸುಮ್ಮನೆ ಮುಂದುವರಿಯುತ್ತದೆ. ಹಾರ್ಫ್‌ಬಜ್‌ನ ಹೆಡರ್ ಇಲ್ಲದಿದ್ದರೂ ಓಪನ್‌ಸಿವಿ ಸಲೀಸಾಗಿ ಕಟ್ಟಿಕೊಳ್ಳುತ್ತದೆ, ಇನ್‌ಸ್ಟಾಲ್ ಆಗುತ್ತದೆ. ಕನ್ನಡ ಮಾತ್ರ ಬರುವುದಿಲ್ಲ. ಜಿಟಿಕೆ ಸಿಗದೆ ಕಟ್ಟಿದರೆ ಚಿತ್ರ ತೋರಿಸುವ ಕಿಟಕಿ ತೆರೆಯುವ ಹೊತ್ತಿಗೆ ‘ಈ ಸೌಲಭ್ಯ ಇಲ್ಲ, ಮತ್ತೆ ಕಟ್ಟಿ’ ಎಂಬ ಅರ್ಥದ ದೋಷ ಬರುತ್ತದೆ. ಎಫ್‌ಎಫ್‌ಎಂಪೆಗ್ ಸಿಗದಿದ್ದರೆ ಕೆಲವು ವಿಡಿಯೊ ಫೈಲುಗಳು ತೆರೆಯುವುದೇ ಇಲ್ಲ.

ವರದಿಯಲ್ಲಿ ಮಾಡ್ಯೂಲುಗಳ ಭಾಗಕ್ಕೆ ಹೋಗಿ. ‘ಕಟ್ಟಲಾಗುವವು’ ಎಂಬ ಸಾಲಿನಲ್ಲಿ ಫ್ರೀಟೈಪ್ ಇದೆಯೇ, ‘ಲಭ್ಯವಿಲ್ಲದವು’ ಎಂಬ ಸಾಲಿಗೆ ಬಿದ್ದಿದೆಯೇ ನೋಡಿ. ಎರಡನೆಯದಾದರೆ ಬೇಕಾದ ಡೆವ್ ಪೊಟ್ಟಣ ಹಾಕಿ, ಬಿಲ್ಡ್ ಡೈರೆಕ್ಟರಿಯನ್ನು ಅಳಿಸಿ, ಮೊದಲಿನಿಂದ ಓಡಿಸಿ. ಸಿಮೇಕ್ ತನ್ನ ಹಿಂದಿನ ಶೋಧದ ಫಲಗಳನ್ನು ಕ್ಯಾಶ್ ಫೈಲಿನಲ್ಲಿ ಇಟ್ಟುಕೊಳ್ಳುವುದರಿಂದ, ಅಳಿಸದಿದ್ದರೆ ಹಳೆಯ ‘ಇಲ್ಲ’ ಹಾಗೆಯೇ ಉಳಿಯಬಹುದು. ಪೈಥಾನ್ ಭಾಗದಲ್ಲಿ ತೋರಿಸಿದ ಇಂಟರ್‌ಪ್ರಿಟರ್ ನೀವು ಬಳಸುವುದೇ ಹೌದೇ ಎಂಬುದನ್ನೂ ನೋಡಬೇಕು. ವರ್ಚುವಲ್ ಎನ್ವಿರಾನ್‌ಮೆಂಟ್ ಬಳಸುವವರಿಗೆ ಇದು ಮುಖ್ಯ.

ಕುಡಾ ಬೇಕಾದವರಿಗೆ ಇನ್ನೆರಡು ಮಾತು. 4ನೇ ಸರಣಿಯಲ್ಲಿ ಕುಡಾ ಮಾಡ್ಯೂಲುಗಳು ಕಾಂಟ್ರಿಬ್‌ನಲ್ಲಿರುವುದರಿಂದ ಅದಿಲ್ಲದೆ ಕುಡಾ ಆನ್ ಮಾಡಿದರೆ ಸಿಮೇಕ್ ನಿಲ್ಲುತ್ತದೆ. ನಿಮ್ಮ ಜಿಪಿಯುವಿನ ತಲೆಮಾರು ಯಾವುದೆಂದು ಹೇಳದಿದ್ದರೆ ಹಲವು ತಲೆಮಾರುಗಳಿಗೆ ಒಟ್ಟಿಗೆ ಕಂಪೈಲ್ ಆಗಿ, ಬೇಡದ ಕೆಲಸಕ್ಕೆ ಗಂಟೆಗಳು ಕಳೆಯುತ್ತವೆ.

ಕಂಪೈಲ್

ಇನ್ನು ಕೆಲಸ ಯಂತ್ರದ್ದು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಮೇಕ್ ಎಂಬ ಸಾಧನದ ವಂಶಜನೇ ಇಂದಿಗೂ ಈ ಹಂತ ನಡೆಸುವುದು. ಯಾವ ಫೈಲ್ ಬದಲಾಗಿದೆಯೋ ಅದನ್ನು ಮತ್ತು ಅದನ್ನು ನೆಚ್ಚಿಕೊಂಡವುಗಳನ್ನು ಮಾತ್ರ ಕಂಪೈಲ್ ಮಾಡುವುದು ಅದರ ನೀತಿ. ಜೆ ಎಂಬ ಆಯ್ಕೆಯ ಜೊತೆ ಸಂಖ್ಯೆ ಕೊಟ್ಟರೆ ಅಷ್ಟು ಫೈಲುಗಳು ಏಕಕಾಲಕ್ಕೆ ಕಂಪೈಲ್ ಆಗುತ್ತವೆ. ಕೋರ್‌ಗಳಷ್ಟೇ ಸಂಖ್ಯೆ ಕೊಡುವುದು ರೂಢಿ, ಆದರೆ ಮೆಮೊರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿ++ ಕಂಪೈಲರ್‌ಗೆ ರ‍್ಯಾಮ್ ಹೆಚ್ಚು ಬೇಕು. ರಾಸ್ಪ್‌ಬೆರಿ ಪೈಯಂಥ ಗಣಕದಲ್ಲಿ ಎಲ್ಲ ಕೋರ್‌ಗಳನ್ನೂ ಹೂಡಿದರೆ ಮೆಮೊರಿ ಮುಗಿದು, ಲಿನಕ್ಸ್ ಕಂಪೈಲರನ್ನೇ ಕೊಂದುಬಿಡುತ್ತದೆ. ‘ಕಿಲ್ಡ್’ ಎಂಬ ಪದ ದೋಷದ ಸಾಲಿನಲ್ಲಿ ಕಂಡರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಸಂಖ್ಯೆ ಇಳಿಸಿ, ಸ್ವಾಪ್ ಹೆಚ್ಚಿಸಿ ಮತ್ತೆ ಓಡಿಸಿ. ಆಗಿರುವ ಕೆಲಸ ವ್ಯರ್ಥವಾಗುವುದಿಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಬೇರೆ ದೋಷ ಬಂದಾಗ ಕೊನೆಯ ಸಾಲನ್ನಲ್ಲ, ಮೊದಲ ದೋಷದ ಸಾಲನ್ನು ಹುಡುಕಬೇಕು. ಹಲವು ಫೈಲುಗಳು ಒಟ್ಟಿಗೆ ಓಡುವಾಗ ಅದು ಮೇಲೆಲ್ಲೋ ಹೂತುಹೋಗಿರುತ್ತದೆ. ಒಂದೊಂದೇ ಫೈಲಿನಂತೆ ಮತ್ತೆ ಓಡಿಸಿದರೆ ಸ್ಪಷ್ಟವಾಗಿ ಕಾಣುತ್ತದೆ.

ಇನ್‌ಸ್ಟಾಲ್ ಮಾಡುವುದು, ತೆಗೆಯುವುದು

ಮೇಕ್ ಇನ್‌ಸ್ಟಾಲ್ ಎಂಬ ಆಜ್ಞೆ ಲೈಬ್ರರಿ, ಹೆಡರ್‌ಗಳನ್ನು ಪ್ರಿಫಿಕ್ಸ್‌ನಲ್ಲಿ ಹೇಳಿದ ಜಾಗಕ್ಕೆ ನಕಲಿಸುತ್ತದೆ. ಏನೂ ಹೇಳದಿದ್ದರೆ ಅದು ಯುಎಸ್‌ಆರ್ ಲೋಕಲ್ ಡೈರೆಕ್ಟರಿ. ಅಲ್ಲಿಗೆ ಬರೆಯಲು ಸುಡೊ ಬೇಕು. ನನ್ನ ಒಲವು ಹೋಮ್ ಡೈರೆಕ್ಟರಿಯೊಳಗಿನ ಒಂದು ಜಾಗದ ಕಡೆಗೆ. ಆಗ ಸಿಸ್ಟಂನ ಲೈಬ್ರರಿಗಳೊಂದಿಗೆ ತಾಕಲಾಟವಿಲ್ಲ, ಬೇಡವಾದಾಗ ಒಳಗಿನ ಆ ಜಾಗವನ್ನಷ್ಟೇ ಅಳಿಸಿದರೆ ಮುಗಿಯಿತು.

ಯುಎಸ್‌ಆರ್ ಲೋಕಲ್‌ನಲ್ಲಿ ಹಾಕಿದ ಮೇಲೆ ಎಲ್‌ಡಿಕಾನ್ಫಿಗ್ ಓಡಿಸುವುದನ್ನು ಮರೆಯಬಾರದು. ಹಂಚಿಕೆಯ ಲೈಬ್ರರಿಗಳು ಎಲ್ಲಿವೆ ಎಂಬ ಪಟ್ಟಿಯನ್ನು ಅದು ಹೊಸದಾಗಿ ಬರೆಯುತ್ತದೆ. ಮರೆತರೆ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡಿಸುವಾಗ ಮಾತ್ರ ಲೈಬ್ರರಿ ಸಿಗಲಿಲ್ಲ ಎನ್ನುತ್ತದೆ. ಹೋಮ್‌ನಲ್ಲಿ ಹಾಕಿದವರು ಲೈಬ್ರರಿಯ ವಿಳಾಸವನ್ನು ತಾವೇ ತಿಳಿಸಿಕೊಡಬೇಕು.

ಇನ್‌ಸ್ಟಾಲ್ ಆದ ಫೈಲುಗಳ ಪಟ್ಟಿ ಬಿಲ್ಡ್ ಡೈರೆಕ್ಟರಿಯಲ್ಲಿ ಉಳಿಯುತ್ತದೆ, ಮೇಕ್ ಅನ್‌ಇನ್‌ಸ್ಟಾಲ್ ಎಂಬ ಆಜ್ಞೆ ನಂಬಿರುವುದು ಅದನ್ನೇ. ಆದ್ದರಿಂದ ಕೆಲಸ ಮುಗಿಯಿತೆಂದು ಬಿಲ್ಡ್ ಡೈರೆಕ್ಟರಿಯನ್ನು ಎಸೆಯಬಾರದು. ಪಿಪ್‌ನಿಂದ ಹಾಕಿದ ಹಳೆಯ ಓಪನ್‌ಸಿವಿ ಇದ್ದರೆ ಮೊದಲೇ ತೆಗೆದುಬಿಡಿ. ಎರಡೂ ಇದ್ದಾಗ ಪೈಥಾನ್ ಯಾವುದನ್ನು ಎತ್ತಿಕೊಂಡಿತೆಂದು ತಿಳಿಯದೆ, ಕಟ್ಟಿದ್ದೇ ಸರಿಯಾಗಲಿಲ್ಲವೇನೋ ಎಂಬ ಅನುಮಾನ ಬರುತ್ತದೆ.

ಕನ್ನಡ ಬಂತೇ ಎಂದು ನೋಡುವುದು

ಗೆಟ್ ಬಿಲ್ಡ್ ಇನ್ಫರ್ಮೇಶನ್ ಎಂಬ ಫಂಕ್ಷನ್ ಕರೆದರೆ ಸಿಮೇಕ್ ಕೊಟ್ಟ ವರದಿಯೇ ಮತ್ತೆ ಮುದ್ರಣವಾಗುತ್ತದೆ. ಅದು ಲೈಬ್ರರಿಯೊಳಗೇ ಅಡಕವಾಗಿರುತ್ತದೆ. ಯಾರೋ ಕಟ್ಟಿಕೊಟ್ಟ ಓಪನ್‌ಸಿವಿಯಲ್ಲಿ ಏನಿದೆ ಎಂದು ತಿಳಿಯಲೂ ಇದೇ ದಾರಿ.

ಫ್ರೀಟೈಪ್ ಮಾಡ್ಯೂಲ್‌ನಲ್ಲಿ ಮೊದಲು ಫಾಂಟ್ ಫೈಲನ್ನು ಲೋಡ್ ಮಾಡಿ, ನಂತರ ಅದರದೇ ಪುಟ್‌ಟೆಕ್ಸ್ಟ್ ಕರೆಯಬೇಕು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್‌ಗಳು ಪೊಟ್ಟಣಗಳಾಗಿಯೇ ಸಿಗುತ್ತವೆ. ನೋಟೊ ಕನ್ನಡವೂ ಇದೆ. ಪರೀಕ್ಷೆಗೆ ‘ಮಾವು’ ಸಾಲದು, ಅದರಲ್ಲಿ ಒತ್ತಕ್ಷರವಿಲ್ಲ. ‘ಕ್ಷ’, ‘ಸ್ತ್ರೀ’, ಅರ್ಕಾವತ್ತು ಇರುವ ‘ಸೂರ್ಯ’ ಬರೆಸಿ. ಒತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ಕಣ್ಣಿಟ್ಟು ನೋಡಿ, ಒಂದು ಫಾಂಟ್‌ನಲ್ಲಿ ಸರಿಬಾರದೆ ಹೋದರೆ ಇನ್ನೊಂದರಲ್ಲಿ ಪ್ರಯತ್ನಿಸಿ. ಯಾವ ಫಾಂಟ್‌ನಲ್ಲೂ ಸರಿಬಾರದ ಅಕ್ಷರ ಸಿಕ್ಕರೆ, ಅದಕ್ಕೆ ಕಾರಣವಾದ ಕೋಡ್ ಈಗ ನಿಮ್ಮ ಗಣಕದಲ್ಲೇ ಇದೆ: ಕಾಂಟ್ರಿಬ್‌ನ ಮಾಡ್ಯೂಲ್ಸ್ ಒಳಗೆ, ಫ್ರೀಟೈಪ್‌ನ ಸೋರ್ಸ್ ಡೈರೆಕ್ಟರಿಯಲ್ಲಿ, ಸುಲಭವಾಗಿ ಓದಬಹುದಾದಷ್ಟು ಚಿಕ್ಕ ಫೈಲ್. ಅದನ್ನು ತಿದ್ದಿ ಮೇಕ್ ಓಡಿಸಿದರೆ ಆ ಮಾಡ್ಯೂಲ್‌ನ ಸುತ್ತಲಿನದಷ್ಟೇ ಮತ್ತೆ ಕಂಪೈಲ್ ಆಗುತ್ತದೆ. ತಿದ್ದುಪಡಿ ಸರಿಯಿದ್ದರೆ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ಆಗಿ ಕಳಿಸಬಹುದು. ಪರಿಶೀಲನೆಯಾಗಿ ಒಪ್ಪಿಗೆ ಸಿಕ್ಕರೆ ಮುಂದಿನ ಆವೃತ್ತಿಯನ್ನು ಕಟ್ಟಿಕೊಳ್ಳುವವರಿಗೆಲ್ಲ ಅದು ಸಿಗುತ್ತದೆ.